ಹತ್ತು ಎಚ್.ಪಿ. ಮತ್ತು ಬಂಗಾರಪ್ಪನವರು

ಪಂಪ್‌ಸೆಟ್ ಕರೆಂಟಿನ ಮಾತು ಬಂದರೆ ಹಳೇ ರೈತರ ಬಾಯಲ್ಲಿ ಈಗಲೂ ಎಸ್. ಬಂಗಾರಪ್ಪನವರ ಹೆಸರು ಬರುತ್ತದೆ. ಸೊರಬ ತಾಲೂಕು ಕುಬಟೂರಿನವರು, ಓದಿದ್ದು ಲಾ. 1967ರಿಂದ 1994ರ ತನಕ ನಡೆದ ಏಳು ಚುನಾವಣೆಗಳಲ್ಲೂ ಸೊರಬದ ಜನ ಅವರನ್ನೇ ವಿಧಾನಸಭೆಗೆ ಕಳಿಸಿದರು. ಪಕ್ಷ ಬದಲಾದರೂ ಕ್ಷೇತ್ರ ಕೈಬಿಡಲಿಲ್ಲ. 1990ರ ಅಕ್ಟೋಬರಿನಿಂದ 1992ರ ನವೆಂಬರಿನ ತನಕ ಮುಖ್ಯಮಂತ್ರಿಯಾಗಿದ್ದರು. 2011ರಲ್ಲಿ ತೀರಿಕೊಂಡರು.

ಅವರ ಆಡಳಿತದಲ್ಲಿ 10 ಎಚ್.ಪಿ. ತನಕದ ನೀರಾವರಿ ಪಂಪಿಗೆ ಕರೆಂಟು ಪುಕ್ಕಟೆ ಆಯ್ತು. ಇದು ಸಣ್ಣ ಮಾತಲ್ಲ. 5 ಎಚ್.ಪಿ. ಮೋಟರು ಪೂರ್ತಿ ಓಡಿದರೆ ಗಂಟೆಗೆ ಮೂರು ಮುಕ್ಕಾಲು ಯೂನಿಟ್ಟಾದರೂ ಬೇಕು. ದಿನಕ್ಕೆ 7 ಗಂಟೆ ಅಂದ್ರೆ 26 ಯೂನಿಟ್, ತಿಂಗಳಿಗೆ 780. ಸಣ್ಣ ರೈತ ಈ ಬಿಲ್ಲು ಎಲ್ಲಿಂದ ಕಟ್ಟಬೇಕಿತ್ತು? ಮುಂದಿನ ಸರ್ಕಾರಗಳು ದರ ಹಾಕಿದ್ದೂ ಉಂಟು. 2008ರಲ್ಲಿ ಮತ್ತೆ ಪುಕ್ಕಟೆ ಆಯ್ತು.

ಯಾರಿಗೆ ಸಿಕ್ಕಿತು?

ಸರ್ಕಾರ ಲೆಕ್ಕ ಹಿಡಿದದ್ದು ಮೋಟರಿನ ಎಚ್.ಪಿ.ಯನ್ನು. ಬಾವಿಯೂ ಇಲ್ಲದ, ಮೋಟರೂ ಇಲ್ಲದ, ಮಳೆ ನಂಬಿ ಬಿತ್ತುವ ನನ್ನಂಥ ಖುಷ್ಕಿ ರೈತನ ಪಾಲಿಗೆ ಬಂದದ್ದು ಸೊನ್ನೆ. ನಮ್ಮ ಸಂಸೆ, ಕಳಸದ ಕಡೆಯ ಕಾಫಿ ತೋಟದ ಪಂಪಿಗೆ ದರಪಟ್ಟಿಯಲ್ಲಿ ಬೇರೆಯೇ ಕಲಂ ಇದೆ. ಎರಡೆಕರೆ ಬೆಳೆಗಾರನೂ, ದೊಡ್ಡ ಎಸ್ಟೇಟಿನವರೂ ಅದರೊಳಗೇ.

ಇನ್ನೊಂದು ತೊಡಕು ಮೀಟರಿನದು. ಪುಕ್ಕಟೆ ಅಂದ ಮೇಲೆ ಮೀಟರ್ ಯಾಕೆ ಅಂತ ಎಲ್ಲರೂ ಸುಮ್ಮನಾದೆವು. ಎಷ್ಟು ಖರ್ಚಾಯ್ತು ಅನ್ನೋದು ಅಂದಾಜಿನ ಲೆಕ್ಕವಾಯ್ತು. ತಂತಿಯಲ್ಲಿ ಸೋರಿದ್ದು, ಯಾರೋ ಕದ್ದದ್ದು ಕೂಡ ರೈತನ ಹೆಸರಿಗೆ ಬೀಳಲು ದಾರಿಯಾಯ್ತು. ಪುಕ್ಕಟೆಯ ಹಣವನ್ನು ಸರ್ಕಾರ ಕಂಪನಿಗೆ ಕಟ್ಟಬೇಕು. ಅದು ತಡವಾದರೆ ಸೊರಗುವುದು ನಮ್ಮ ಲೈನು, ನಮ್ಮ ಟ್ರಾನ್ಸ್‌ಫಾರ್ಮರ್.

ನಾವು ಕೇಳಬೇಕಾದ್ದು

ಬಂಗಾರಪ್ಪನವರ ಕಾಲದಲ್ಲಿ ಕೆಇಬಿ ಇತ್ತು. 1999ರಲ್ಲಿ ಅದು ಕೆಪಿಟಿಸಿಎಲ್ ಆಯ್ತು. 2002ರಿಂದ ಚಿಕ್ಕಮಗಳೂರು ಜಿಲ್ಲೆಗೆ ಮೆಸ್ಕಾಂ. ದರ ಗೊತ್ತುಮಾಡುವುದು ಕೆಇಆರ್‌ಸಿ ಎಂಬ ಆಯೋಗ. ದರ ಏರಿಸುವ ಮೊದಲು ಅದು ಜನರ ಅಹವಾಲು ಕೇಳುತ್ತದೆ. ರೈತರೂ ಆಕ್ಷೇಪಣೆ ಬರೆದುಕೊಡಬಹುದು. ಹಳ್ಳಿಯಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟರೆ 72 ಗಂಟೆಯೊಳಗೆ ಬದಲಿಸಬೇಕೆಂದು ಆಯೋಗದ ನಿಯಮವಿದೆ. ದೂರು ಕೊಟ್ಟಾಗ ನಂಬರು, ತಾರೀಖು, ಹೊತ್ತು ಬರೆದಿಟ್ಟುಕೊಳ್ಳಿ.

ಒಬ್ಬ ಶಾಸಕ ಮನಸ್ಸು ಮಾಡಿದರೆ ಲಕ್ಷಾಂತರ ರೈತರ ಬಿಲ್ಲು ಇಳಿಸಬಹುದು ಅಂತ ಬಂಗಾರಪ್ಪನವರು ತೋರಿಸಿದರು. ಇನ್ನು ಓಟು ಕೇಳಲು ಬಂದವರ ಹತ್ತಿರ ಮೂರು ಮಾತು ಕೇಳೋಣ: ತ್ರೀ ಫೇಸ್ ಎಷ್ಟು ತಾಸು? ಓಲ್ಟೇಜ್ ಎಷ್ಟು? ಪಂಪಿಲ್ಲದ ರೈತನಿಗೆ ಏನು?