ಪೆನ್‌ಡ್ರೈವ್‌ನ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿವೆಯೇ? ಫಾರ್ಮ್ಯಾಟ್ ಮಾಡುವ ಮುನ್ನ ಇದನ್ನು ಓದಿ

ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದು ಪೆನ್‌ಡ್ರೈವನ್ನು ಮನೆಯ ಕಂಪ್ಯೂಟರ್‌ಗೆ ಹಾಕುತ್ತೀರಿ. ಮದುವೆ ಫೋಟೋ, ಮಾರ್ಕ್ಸ್ ಕಾರ್ಡು, ಪಹಣಿಯ ಸ್ಕ್ಯಾನ್ ಇದ್ದ ಫೋಲ್ಡರ್‌ಗಳೆಲ್ಲ ಮಾಯ. ಅವುಗಳ ಜಾಗದಲ್ಲಿ ಅದೇ ಹೆಸರಿನ, ಮೂಲೆಯಲ್ಲಿ ಪುಟ್ಟ ಬಾಣದ ಗುರುತಿರುವ ಶಾರ್ಟ್‌ಕಟ್‌ಗಳು! ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಸಿಗುವ ಸಲಹೆ ಎರಡು: ‘ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ’, ‘ಇನ್ನೊಂದು ಆಂಟಿವೈರಸ್ ಹಾಕಿ’. ಎರಡನ್ನೂ ಪಾಲಿಸಬೇಡಿ. ಮೊದಲನೆಯದಂತೂ ಇರುವ ಫೈಲನ್ನು ಕೈಯಾರೆ ಕಳೆದುಕೊಳ್ಳುವ ದಾರಿ.

ಇದು ‘ವರ್ಮ್’, ಅಂದರೆ ಹುಳುವಿನ ಕೆಲಸ. ವೈರಸ್ ಬೇರೊಂದು ಫೈಲಿಗೆ ಅಂಟಿಕೊಂಡು ಬದುಕುತ್ತದೆ. ಹುಳು ತಾನೇ ಒಂದು ಪ್ರೋಗ್ರಾಂ, ತನ್ನ ನಕಲನ್ನು ತಾನೇ ಮಾಡಿಕೊಂಡು ಹರಡುತ್ತದೆ. 2008ರಲ್ಲಿ ಜಗತ್ತಿನಾದ್ಯಂತ ಹಬ್ಬಿದ ‘ಕಾನ್‌ಫಿಕರ್’ ಹುಳು ನೆಟ್‌ವರ್ಕ್ ಜೊತೆಗೆ ಪೆನ್‌ಡ್ರೈವನ್ನೂ ಬಳಸಿಕೊಂಡಿತ್ತು. ಆಗ ವಿಂಡೋಸ್‌ನ ‘ಆಟೋರನ್’ ಸೌಲಭ್ಯ ಅಂಥ ಹುಳುಗಳಿಗೆ ವರವಾಗಿತ್ತು. ಮೈಕ್ರೋಸಾಫ್ಟ್ ಮುಂದೆ ಪೆನ್‌ಡ್ರೈವ್‌ಗಳಿಗೆ ಅದನ್ನು ನಿಲ್ಲಿಸಿತು. ಈಗ ಹುಳುವಿಗೆ ಬೇಕಾಗಿರುವುದು ನಮ್ಮ ಬೆರಳು. ಅದಕ್ಕೇ ಈ ಶಾರ್ಟ್‌ಕಟ್ ನಾಟಕ: ಫೋಲ್ಡರ್ ಎಂದುಕೊಂಡು ನಾವು ಡಬಲ್ ಕ್ಲಿಕ್ ಮಾಡಿದರೆ ಹುಳು ಕಂಪ್ಯೂಟರ್‌ಗೆ ಇಳಿಯುತ್ತದೆ. ಅನುಮಾನ ಬಾರದಿರಲೆಂದು ನಿಜವಾದ ಫೋಲ್ಡರನ್ನೂ ತೆರೆದು ತೋರಿಸುವಷ್ಟು ಜಾಣತನ ಕೆಲವು ಹುಳುಗಳಿಗಿದೆ.

ಅಂದರೆ ನಿಮ್ಮ ಫೈಲ್‌ಗಳು ಸಾಮಾನ್ಯವಾಗಿ ಅಳಿಸಿಹೋಗಿರುವುದಿಲ್ಲ, ಬರೀ ಮರೆಯಾಗಿರುತ್ತವೆ. ಶಾರ್ಟ್‌ಕಟ್ ಮೇಲೆ ನೀವು ಈಗಾಗಲೇ ಕ್ಲಿಕ್ ಮಾಡಿದ್ದರೆ, ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿಯೂ ಪ್ರಯೋಜನವಿಲ್ಲ. ಹುಳು ಕಂಪ್ಯೂಟರಿನಲ್ಲೇ ಕೂತಿರುತ್ತದೆ. ಮತ್ತೆ ಚುಚ್ಚಿದ ಕೂಡಲೇ ಮತ್ತೆ ಶಾರ್ಟ್‌ಕಟ್.

ಹಾಗಾಗಿ ಮೊದಲು ಪೆನ್‌ಡ್ರೈವ್ ತೆಗೆದು ಕಂಪ್ಯೂಟರನ್ನು ಸ್ವಚ್ಛಗೊಳಿಸಿ. ಆಂಟಿವೈರಸ್ ಅಪ್‌ಡೇಟ್ ಮಾಡಿ ಫುಲ್ ಸ್ಕ್ಯಾನ್ ಕೊಡಿ. ಅದಕ್ಕೂ ಹೋಗದಿದ್ದರೆ ವಿಂಡೋಸ್ 10 ಮತ್ತು 11ರಲ್ಲಿರುವ ಡಿಫೆಂಡರ್‌ನ ‘ಆಫ್‌ಲೈನ್ ಸ್ಕ್ಯಾನ್’ ಬಳಸಿ. ಇದು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ. ಹುಳುವೂ ಎದ್ದಿರುವುದಿಲ್ಲವಾದ್ದರಿಂದ ಸಿಕ್ಕಿಬೀಳುವುದು ಸುಲಭ. ಸುಮಾರು 15 ನಿಮಿಷ ಸಾಕು. ಆಮೇಲೆ ಪೆನ್‌ಡ್ರೈವ್ ಹಾಕಿ, ಯಾವುದನ್ನೂ ತೆರೆಯದೆ, ರೈಟ್ ಕ್ಲಿಕ್ ಮಾಡಿ ಅದನ್ನೂ ಸ್ಕ್ಯಾನ್ ಮಾಡಿ. ಬಳಿಕ ಫೋಲ್ಡರ್ ಆಪ್ಷನ್ಸ್‌ನಲ್ಲಿ ಹಿಡನ್ ಫೈಲ್‌ಗಳನ್ನು ತೋರಿಸುವಂತೆ ಮಾಡಿ. ಆಪರೇಟಿಂಗ್ ಸಿಸ್ಟಮ್ ಫೈಲ್‌ಗಳನ್ನು ಬಚ್ಚಿಡುವ ಟಿಕ್ ಗುರುತನ್ನೂ ತೆಗೆಯಿರಿ. ಹೆಸರೇ ಇಲ್ಲದ ಒಂದು ಫೋಲ್ಡರ್ ಕಂಡರೆ ಗಾಬರಿ ಬೇಡ, ನಿಮ್ಮ ಫೋಟೋಗಳು ಅದರೊಳಗೇ ಇರಬಹುದು. ಅವನ್ನು ಕಂಪ್ಯೂಟರಿಗೆ ಕಾಪಿ ಮಾಡಿಕೊಂಡ ನಂತರ ಬೇಕಿದ್ದರೆ ಧಾರಾಳವಾಗಿ ಫಾರ್ಮ್ಯಾಟ್ ಮಾಡಿ. ತೆಗೆದ ಟಿಕ್ ಗುರುತನ್ನು ಮರಳಿ ಹಾಕಲು ಮರೆಯಬೇಡಿ.

ಇನ್ನು ಎರಡು ಆಂಟಿವೈರಸ್ ಮಾತು. ತೆರೆದ ಪ್ರತಿ ಫೈಲನ್ನೂ ಇಬ್ಬರು ಕಾವಲುಗಾರರು ಕಸಿದುಕೊಂಡು ತಪಾಸಣೆ ಮಾಡಿದಂತೆ ಅದು. ಕಂಪ್ಯೂಟರ್ ನಿಧಾನವಾಗುತ್ತದೆ, ಒಂದರ ಕೆಲಸಕ್ಕೆ ಇನ್ನೊಂದು ಅಡ್ಡಬರುತ್ತದೆ. ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಆಂಟಿವೈರಸ್ ಅವಧಿ ಮುಗಿದಿದ್ದರೆ ದುಡ್ಡು ಕಟ್ಟಿ, ಇಲ್ಲವೇ ಅನ್‌ಇನ್‌ಸ್ಟಾಲ್ ಮಾಡಿ. ಆಗ ಡಿಫೆಂಡರ್ ತಾನಾಗಿ ಕೆಲಸಕ್ಕೆ ಹಾಜರಾಗುತ್ತದೆ. ಹೆಚ್ಚಿನ ಮನೆಗಳಿಗೆ ಅದೇ ಸಾಕೆಂಬುದು ನಮ್ಮ ಅಭಿಪ್ರಾಯ. ಉಚಿತ ಸಾಧನ ಬೇಕೆಂದರೆ ಭಾರತ ಸರ್ಕಾರದ ಸಿಇಆರ್‌ಟಿ-ಇನ್ 2017ರಲ್ಲಿ ಆರಂಭಿಸಿದ ‘ಸೈಬರ್ ಸ್ವಚ್ಛತಾ ಕೇಂದ್ರ’ದ ಜಾಲತಾಣವಿದೆ. ಫಾರ್ವರ್ಡ್ ಆಗಿ ಬಂದ ಲಿಂಕಿನಿಂದ ಮಾತ್ರ ಆಂಟಿವೈರಸ್ ಇಳಿಸಿಕೊಳ್ಳಬೇಡಿ.