ಹುಟ್ಟಿನಲ್ಲೇ ಊನ: ಕಾರಣ ಹುಡುಕುವುದೇಕೆ ಕಷ್ಟ?

ಮಗು ಸೀಳುತುಟಿಯೊಂದಿಗೆ ಹುಟ್ಟಿತೆಂದರೆ ಬಾಣಂತಿಗೆ ಮೊದಲು ಎದುರಾಗುವುದು ಸಮಾಧಾನದ ಮಾತಲ್ಲ, ಪ್ರಶ್ನೆ. ‘ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿದ್ಯೇನೇ? ಈಳಿಗೆಮಣೆ ಮುಟ್ಟಿದ್ಯೇನೇ?’ ಒಂಬತ್ತು ತಿಂಗಳ ನೆನಪನ್ನು ಕೆದಕಿದರೆ ಯಾವುದೋ ಒಂದು ‘ತಪ್ಪು’ ಸಿಕ್ಕೇ ಸಿಗುತ್ತದೆ. ಅದನ್ನೇ ಎದೆಯಲ್ಲಿಟ್ಟುಕೊಂಡು ತಾಯಿ ವರ್ಷಗಟ್ಟಲೆ ಕೊರಗುತ್ತಾಳೆ.

ಗ್ರಹಣಕ್ಕೂ ಸೀಳುತುಟಿಗೂ ಸಂಬಂಧವಿಲ್ಲ. ಹಾಗಾದರೆ ನಿಜವಾದ ಕಾರಣವೇನು? ಬಹುಪಾಲು ಸಂದರ್ಭಗಳಲ್ಲಿ ವಿಜ್ಞಾನಿಗಳೂ ಹೇಳಲಾರರು. ಅಮೆರಿಕದ ಯೂಟಾ ರಾಜ್ಯದಲ್ಲಿ 2005ರಿಂದ 2009ರವರೆಗಿನ ಸುಮಾರು 2.7 ಲಕ್ಷ ಹೆರಿಗೆಗಳ ದಾಖಲೆಗಳನ್ನು ತಜ್ಞರು ಜಾಲಾಡಿದರು. ದೊಡ್ಡ ನ್ಯೂನತೆಗಳಿದ್ದ 5,504 ಪ್ರಕರಣಗಳು ಸಿಕ್ಕವು. 2017ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಖಚಿತ ಕಾರಣ ತಿಳಿದದ್ದು ಐದರಲ್ಲಿ ಒಂದಕ್ಕೆ ಮಾತ್ರ. ಉಳಿದವುಗಳ ಮುಂದೆ ಇದ್ದದ್ದು ಪ್ರಶ್ನಾರ್ಥಕ ಚಿಹ್ನೆ. ಇಷ್ಟು ಮುಂದುವರಿದ ವಿಜ್ಞಾನಕ್ಕೆ ಇಲ್ಲೇಕೆ ಇಷ್ಟು ತೊಡಕು?

ಕಣ್ಣಿನ ವೈದ್ಯರು ಕೇಳಿಸಿಕೊಂಡ ಮಾತು

1941ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ನಾರ್ಮನ್ ಗ್ರೆಗ್ ಎಂಬ ನೇತ್ರವೈದ್ಯರ ಬಳಿಗೆ ಹುಟ್ಟಿನಿಂದಲೇ ಕಣ್ಣಿನಲ್ಲಿ ಪೊರೆಯಿದ್ದ ಹಸುಗೂಸುಗಳು ಒಂದರ ಹಿಂದೊಂದು ಬರತೊಡಗಿದವು. ವಿಚಾರಿಸಿದಾಗ ಹೆಚ್ಚಿನ ತಾಯಂದಿರು ಹೇಳಿದ್ದು ಒಂದೇ ಸಂಗತಿ. ಬಸಿರಿನ ಮೊದಮೊದಲ ದಿನಗಳಲ್ಲಿ ಅವರಿಗೆ ಜರ್ಮನ್ ದಡಾರ, ಅಂದರೆ ರುಬೆಲ್ಲಾ ಬಂದುಹೋಗಿತ್ತು. ತಾಯಿಗೆ ನಾಲ್ಕು ದಿನದ ಕಾಯಿಲೆ; ಮಗುವಿಗೆ ಬದುಕಿಡೀ ಕುರುಡು. ಗ್ರೆಗ್ 78 ಶಿಶುಗಳ ವಿವರ ಕೂಡಿಸಿ ಪ್ರಕಟಿಸಿದರು. ಅನೇಕ ವೈದ್ಯರು ಮೊದಲಿಗೆ ನಂಬಲಿಲ್ಲ.

ಗ್ರೆಗ್‌ರಿಗೆ ಎರಡು ಅನುಕೂಲಗಳಿದ್ದವು. ಅಪರೂಪದ ತೊಂದರೆಯೊಂದು ಒಮ್ಮೆಗೇ ಹಲವು ಮಕ್ಕಳಲ್ಲಿ ಕಾಣಿಸಿತ್ತು. ಮೈಮೇಲೆ ಗಂದೆ ಎದ್ದುಹೋದದ್ದು ತಾಯಂದಿರಿಗೆ ನೆನಪಿತ್ತು. ಎಲ್ಲ ಕಾರಣಗಳೂ ಹೀಗೆ ಗುರುತು ಬಿಟ್ಟು ಹೋಗುವುದಿಲ್ಲ.

ಇಲಿ ಹೇಳದ ಸತ್ಯ

1957ರಲ್ಲಿ ಪಶ್ಚಿಮ ಜರ್ಮನಿಯ ಮಾರುಕಟ್ಟೆಗೆ ಥಾಲಿಡೊಮೈಡ್ ಎಂಬ ನಿದ್ರೆಮಾತ್ರೆ ಬಂತು. ವೈದ್ಯರ ಚೀಟಿಯೂ ಬೇಕಿರಲಿಲ್ಲ. ಬಸುರಿಯರು ವಾಕರಿಕೆಗೂ ಅದನ್ನೇ ನುಂಗಿದರು. ಕೈಕಾಲು ಬೆಳೆಯದ ಮಕ್ಕಳು ಹುಟ್ಟತೊಡಗಿದಾಗ ಹ್ಯಾಂಬರ್ಗ್‌ನ ಮಕ್ಕಳ ವೈದ್ಯ ವಿಡುಕಿಂಡ್ ಲೆಂಜ್ ಮನೆಮನೆಗೆ ಹೋಗಿ ವಿಚಾರಿಸಿದರು. ಎಷ್ಟೋ ತಾಯಂದಿರು ಮೊದಲು ಈ ಮಾತ್ರೆಯ ಹೆಸರನ್ನೇ ಎತ್ತಲಿಲ್ಲ. ಅಷ್ಟು ನಿರಪಾಯಕಾರಿ ಎಂದು ಅವರು ನಂಬಿದ್ದರು! 1961ರ ನವೆಂಬರ್‌ನಲ್ಲಿ ಕಂಪೆನಿ ಮಾತ್ರೆಯನ್ನು ಅಲ್ಲಿ ಹಿಂತೆಗೆದುಕೊಳ್ಳುವಷ್ಟರಲ್ಲಿ ಜಗತ್ತಿನಾದ್ಯಂತ ಸುಮಾರು ಹತ್ತು ಸಾವಿರ ಮಕ್ಕಳು ಅದಕ್ಕೆ ಬಲಿಯಾಗಿದ್ದರು.

ಗರ್ಭ ನಿಂತ 20ರಿಂದ 36ನೆಯ ದಿನದೊಳಗೆ ನುಂಗಿದರಷ್ಟೇ ಈ ಔಷಧ ಅಂಗಗಳನ್ನು ಕೆಡಿಸುತ್ತಿತ್ತು. ಅದೇ ಮಾತ್ರೆ, ಒಂದೆರಡು ವಾರ ತಡವಾದರೆ ಮಗು ಸುರಕ್ಷಿತ. ಇಲಿಗಳ ಮೇಲೆ ಪ್ರಯೋಗಿಸಿದರೆ ಮರಿಗಳಿಗೆ ಏನೂ ಆಗುತ್ತಿರಲಿಲ್ಲ. ಕೆಲವು ತಳಿಯ ಮೊಲಗಳಲ್ಲಿ ಮಾತ್ರ ಹಾನಿ ಕಾಣಿಸಿತು. ಈ ವ್ಯತ್ಯಾಸದ ಗುಟ್ಟು ಬಿಚ್ಚಿಕೊಂಡದ್ದು 2018ರಲ್ಲಿ. ಭ್ರೂಣದ ಬೆಳವಣಿಗೆಗೆ ಬೇಕಾದ ಪ್ರೋಟೀನೊಂದನ್ನು ಈ ಔಷಧ ಮನುಷ್ಯರಲ್ಲಿ ನಾಶಮಾಡುತ್ತದೆ, ಇಲಿಯಲ್ಲಿ ಮಾಡುವುದಿಲ್ಲ.

ಅದೇ ಮನುಷ್ಯ, ಎರಡನೆಯ ಊಹೆ

ಕಾರಣ ತಿಳಿಯದಿರುವಷ್ಟೇ ಅಪಾಯ ತಪ್ಪು ಕಾರಣವನ್ನು ನಂಬುವುದರಲ್ಲೂ ಇದೆ. ಥಾಲಿಡೊಮೈಡ್ ಬಗ್ಗೆ 1961ರಲ್ಲೇ ವೈದ್ಯಪತ್ರಿಕೆಗೆ ಬರೆದು ಎಚ್ಚರಿಸಿದ ಇನ್ನೊಬ್ಬರು ಸಿಡ್ನಿಯ ಹೆರಿಗೆ ವೈದ್ಯ ವಿಲಿಯಂ ಮೆಕ್‌ಬ್ರೈಡ್. ಜಗತ್ತು ಅವರನ್ನು ಕೊಂಡಾಡಿತು. ಮುಂದೆ ಅವರು ಡೆಬೆಂಡಾಕ್ಸ್ ಎಂಬ ವಾಕರಿಕೆ ಮಾತ್ರೆಯ ಮೇಲೂ ಬೆರಳು ತೋರಿದರು. ಮೊಕದ್ದಮೆಗಳ ಮಳೆ ಸುರಿಯಿತು. 1983ರಲ್ಲಿ ಕಂಪೆನಿ ಅದರ ತಯಾರಿಕೆಯನ್ನೇ ನಿಲ್ಲಿಸಿತು. ಆದರೆ ದೊಡ್ಡ ಅಧ್ಯಯನಗಳಲ್ಲಿ ಆ ಮಾತ್ರೆಯ ದೋಷ ಸಾಬೀತಾಗಲಿಲ್ಲ. ಮೆಕ್‌ಬ್ರೈಡ್ ಮೊಲಗಳ ಮೇಲಿನ ಪ್ರಯೋಗದ ಅಂಕಿಅಂಶಗಳನ್ನು ತಿದ್ದಿದ್ದು ತನಿಖೆಯಲ್ಲಿ ಬಯಲಾಯಿತು. 1993ರಲ್ಲಿ ಅವರ ಹೆಸರನ್ನು ವೈದ್ಯರ ಪಟ್ಟಿಯಿಂದ ಹೊಡೆದುಹಾಕಲಾಯಿತು. 2013ರಲ್ಲಿ ಅಮೆರಿಕದಲ್ಲಿ ಅದೇ ಔಷಧ ಜೋಡಿಗೆ ಮತ್ತೆ ಒಪ್ಪಿಗೆ ದೊರೆಯಿತು. ಮಧ್ಯದ ಮೂವತ್ತು ವರ್ಷ ಅಲ್ಲಿನ ಬಸುರಿಯರು ಆ ಔಷಧದಿಂದ ವಂಚಿತರಾದರು.

27 ಗರ್ಭಗಳ ಸಾಕ್ಷ್ಯ

ಹಾಗಾದರೆ ನಂಬಬಹುದಾದ ಪುರಾವೆ ಹೇಗೆ ಸಿಗುತ್ತದೆ? ಹಾನಿಯಾಗುತ್ತದೆಯೇ ಎಂದು ತಿಳಿಯಲು ಬಸುರಿಯರಿಗೆ ಸಂಶಯದ ವಸ್ತುವನ್ನು ಕೊಟ್ಟು ನೋಡುವಂತಿಲ್ಲ, ಅದು ಅನ್ಯಾಯ. ಹಾನಿ ತಡೆಯಬಹುದಾದ ವಸ್ತುವನ್ನು ಕೊಟ್ಟು ನೋಡಬಹುದು. ಮಿದುಳು ಮತ್ತು ಬೆನ್ನುಹುರಿಯಾಗುವ ನರನಾಳ ಸರಿಯಾಗಿ ಮುಚ್ಚಿಕೊಳ್ಳದ ದೋಷವನ್ನು ಫೋಲಿಕ್ ಆಮ್ಲ ತಡೆಯುತ್ತದೆಯೇ ಎಂದು ಬ್ರಿಟನ್ನಿನ ನೇತೃತ್ವದಲ್ಲಿ ಪರೀಕ್ಷಿಸಿದ್ದು ಹೀಗೆಯೇ. ಈ ದೋಷ ಅಪರೂಪವಾದ್ದರಿಂದ, ಹಿಂದೊಮ್ಮೆ ಇಂಥ ಗರ್ಭ ಧರಿಸಿದ್ದವರನ್ನೇ ಆರಿಸಬೇಕಾಯಿತು. 7 ದೇಶಗಳ 33 ಕೇಂದ್ರಗಳಲ್ಲಿ ವರ್ಷಗಟ್ಟಲೆ ಕೆಲಸ ನಡೆಯಿತು. ಕೊನೆಗೆ ದೋಷ ಕಂಡ 27 ಗರ್ಭಗಳಲ್ಲಿ ಫೋಲಿಕ್ ಆಮ್ಲ ಪಡೆದವರದು ಕೇವಲ 6, ಪಡೆಯದವರದು 21. ಫಲಿತಾಂಶ ಸ್ಪಷ್ಟವಾದ ಕೂಡಲೇ, 1991ರಲ್ಲಿ, ಪ್ರಯೋಗ ನಿಲ್ಲಿಸಲಾಯಿತು.

ನರನಾಳ ಮುಚ್ಚಿಕೊಳ್ಳುವುದು ಗರ್ಭ ನಿಂತ ನಾಲ್ಕು ವಾರದೊಳಗೆ. ಎಷ್ಟೋ ಹೆಣ್ಣುಮಕ್ಕಳಿಗೆ ಆಗಿನ್ನೂ ತಾವು ಬಸಿರು ಎಂಬುದೇ ಗೊತ್ತಿರುವುದಿಲ್ಲ. ಅದಕ್ಕೇ ಮಗು ಬೇಕೆನ್ನುವಾಗಲೇ ಫೋಲಿಕ್ ಆಮ್ಲ ಆರಂಭಿಸಲು ವೈದ್ಯರು ಹೇಳುವುದು.

2017ರ ಫೆಬ್ರುವರಿಯಲ್ಲಿ ಬೆಂಗಳೂರಿನಿಂದ ಆರಂಭವಾದ ದಡಾರ–ರುಬೆಲ್ಲಾ ಲಸಿಕೆ ಅಭಿಯಾನ ಹಲವು ವಿದ್ಯಾರ್ಥಿಗಳಿಗೆ ನೆನಪಿರಬಹುದು. ಶಾಲೆಯಲ್ಲಿ ಸಾಲಾಗಿ ನಿಂತು ತೋಳು ಚಾಚಿದ ಮಕ್ಕಳಿಗೆ ಆ ಚುಚ್ಚುಮದ್ದಿನ ಹಿಂದೆ ಸಿಡ್ನಿಯ ತಾಯಂದಿರ ಮಾತಿದೆ ಎಂದು ತಿಳಿದಿರಲಿಕ್ಕಿಲ್ಲ. ಗ್ರೆಗ್ ಕೂಡ ಆ ತಾಯಂದಿರಿಗೆ ಪ್ರಶ್ನೆ ಕೇಳಿದ್ದರು. ತಪ್ಪು ಹೊರಿಸಲು ಅಲ್ಲ, ತಿಳಿದುಕೊಳ್ಳಲು.