ನಲವತ್ತೆಂಟು ದಿನ, ದಿನಕ್ಕೆ ಅರ್ಧ ತಾಸು

ಏಪ್ರಿಲ್ 10ಕ್ಕೆ ಫಲಿತಾಂಶ ಹೇಳಿ ಶಾಲೆ ಬಾಗಿಲು ಹಾಕಿದರೆ ಮತ್ತೆ ತೆರೆಯೋದು ಮೇ 29ಕ್ಕೆ. 2025ರಲ್ಲಿ ನಮ್ಮ ಸರ್ಕಾರಿ ಶಾಲೆಗಳಿಗೆ ಸಿಕ್ಕ ಬೇಸಿಗೆ ರಜೆಯನ್ನು ಕೂಡಿಸಿ ನೋಡಿ, ಬರೋಬ್ಬರಿ 48 ದಿನ. ದೊಡ್ಡವರಿಗೆ ಅದು ನಾಲ್ಕು ಮದುವೆ, ಎರಡು ಜಾತ್ರೆ ಮುಗಿಯೋದರೊಳಗೆ ಕಳೆದುಹೋಗುತ್ತೆ. ಆದರೆ ಈಗಷ್ಟೇ ಒತ್ತಕ್ಷರ ಕಲಿತ ಎರಡನೇ ಕ್ಲಾಸಿನ ಮಗುವಿಗೆ 48 ದಿನ ಅಂದರೆ ಸಣ್ಣ ಅವಧಿಯಲ್ಲ. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರೋದು ಆ ಮಗುವಿನ ಬಗ್ಗೆ. ನಾಲ್ಕರಿಂದ ಎಂಟು ವರ್ಷದ, ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಮನೆಗಳಲ್ಲಿ ‘ಬ್ಯಾಸಗಿ ಸೂಟಿ’ ಅಂತ ಕುಣಿಯೋ ಮಗುವಿನ ಬಗ್ಗೆ.

ಕುಣಿಯಲಿ ಬಿಡಿ. ರಜೆ ಬೇಡ ಅನ್ನೋ ವಾದ ನನ್ನದಲ್ಲ. ಈ ಭಾಗದ ಬಿಸಿಲಲ್ಲಿ ತಗಡಿನ ಕೋಣೆಯೊಳಗೆ ಮಕ್ಕಳನ್ನು ಕೂರಿಸಿ ಪಾಠ ಮಾಡಿ ಅಂತ ಯಾರೂ ಹೇಳೋದಿಲ್ಲ. ನನ್ನ ಪ್ರಶ್ನೆ ಇಷ್ಟೇ: ಏಪ್ರಿಲ್‌ನಲ್ಲಿ ಓದುತ್ತಿದ್ದ ಮಗು ಜೂನ್‌ನಲ್ಲಿ ಯಾಕೆ ತಡವರಿಸುತ್ತೆ?

ದಡ್ಡತನದಿಂದ ಅಲ್ಲ. ಮಾತು ದಿನವಿಡೀ ಕಿವಿಗೆ ಬೀಳುತ್ತೆ, ಹಾಗಾಗಿ ಮರೆಯೋದಿಲ್ಲ. ಓದು ಹಾಗಲ್ಲ. ಕಣ್ಣು ಅಕ್ಷರ ಗುರುತಿಸಬೇಕು, ಬಾಯಿ ಅದನ್ನು ನುಡಿಯಬೇಕು, ಮನಸ್ಸು ಅರ್ಥ ಹಿಡಿಯಬೇಕು. ‘ಲಕ್ಷ್ಮೇಶ್ವರ’ ಅನ್ನೋ ಹೆಸರನ್ನೇ ತಗೊಳ್ಳಿ. ನಮಗೆ ಬಸ್ಸಿನ ಬೋರ್ಡು ಕಂಡರೆ ಸಾಕು. ಆದರೆ ಪುಟ್ಟ ಮಗು ಅಲ್ಲಿ ‘ಕ’ಕ್ಕೆ ‘ಷ’ ಒತ್ತು, ಅದರ ಜತೆ ‘ಮ’ ಒತ್ತು, ಮೇಲೆ ಏತ್ವ, ಪಕ್ಕದಲ್ಲಿ ದೀರ್ಘ, ಮುಂದೆ ‘ಶ’ಕ್ಕೆ ‘ವ’ ಒತ್ತು, ಇಷ್ಟನ್ನೂ ಒಂದೊಂದಾಗಿ ಬಿಡಿಸಿಕೊಂಡು ಹೋಗಬೇಕು. ದಿನಾ ಬಿಡಿಸುತ್ತಿದ್ದರೆ ಕೆಲವೇ ತಿಂಗಳಲ್ಲಿ ಕಣ್ಣು ತಾನಾಗಿ ಓಡುತ್ತೆ. ಆ ರೂಢಿ ಗಟ್ಟಿಯಾಗೋ ಮೊದಲೇ ಏಳು ವಾರ ಪುಸ್ತಕ ಮುಚ್ಚಿಟ್ಟರೆ ಮಗು ಮತ್ತೆ ಅಕ್ಷರ ಹುಡುಕೋದಕ್ಕೆ ಶುರು ಮಾಡುತ್ತೆ. ಅಷ್ಟರಲ್ಲಿ ವಾಕ್ಯದ ಅರ್ಥ ಕೈ ತಪ್ಪಿರುತ್ತೆ.

ಇದು ಶಿಕ್ಷಣ ಇಲಾಖೆಗೂ ಗೊತ್ತಿರೋ ವಿಚಾರವೇ. ಅದಕ್ಕೇ ಶಾಲೆ ಶುರುವಾದ ಕೂಡಲೇ ‘ಸೇತುಬಂಧ’ ಅಂತ ಕಾರ್ಯಕ್ರಮ ಇರೋದು. ಹಿಂದಿನ ವರ್ಷ ಕಲಿತದ್ದು ಎಷ್ಟು ಉಳಿದಿದೆ ಅಂತ ಪರೀಕ್ಷಿಸಿ, ಹೋದದ್ದನ್ನು ಮತ್ತೆ ಕಟ್ಟೋ ಕೆಲಸ ಅದು. ಸೇತುವೆ ಕಟ್ಟಬೇಕು ಅಂದರೆ ನಡುವೆ ಕಂದಕ ಬಿದ್ದಿದೆ ಅಂತಲೇ ಅರ್ಥ ಅಲ್ವಾ?

ಕಂದಕ ಎಷ್ಟು ಆಳ ಆಗಬಹುದು ಅನ್ನೋದನ್ನ ಕೊರೋನಾ ತೋರಿಸಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳಲ್ಲಿ 16,067 ಮಕ್ಕಳನ್ನು ಪರೀಕ್ಷಿಸಿತು. ಎರಡರಿಂದ ಆರನೇ ತರಗತಿಯ ಆ ಮಕ್ಕಳಲ್ಲಿ ಸರಾಸರಿ ಶೇಕಡಾ 92ರಷ್ಟು ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನು ಕಳೆದುಕೊಂಡಿದ್ದರು. ಗಣಿತದಲ್ಲಿ ಅದು ಶೇಕಡಾ 82. ಅದು ತಿಂಗಳುಗಟ್ಟಲೆ ಶಾಲೆ ಮುಚ್ಚಿದ್ದ ಕಾಲ, ಬೇಸಿಗೆ ರಜೆ ಅಷ್ಟು ಉದ್ದ ಇಲ್ಲ, ಒಪ್ಪೋಣ. ಆದರೆ ಮರೆವಿನ ದಾರಿ ಒಂದೇ.

ಅಮೆರಿಕದಲ್ಲಿ ಬೇಸಿಗೆ ರಜೆ ನಮಗಿಂತ ಉದ್ದ. ಅಲ್ಲಿ 1996ರಲ್ಲಿ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 39 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ರಜೆ ಮುಗಿಯೋ ಹೊತ್ತಿಗೆ ಮಕ್ಕಳು ಸರಾಸರಿ ಒಂದು ತಿಂಗಳಷ್ಟು ಕಲಿಕೆ ಕಳೆದುಕೊಂಡಿರುತ್ತಾರೆ, ಓದಿಗಿಂತ ಲೆಕ್ಕದಲ್ಲಿ ನಷ್ಟ ಹೆಚ್ಚು ಅಂದರು. ಓದಿನಲ್ಲಿ ಬಡ ಮನೆಯ ಮಕ್ಕಳು ಹಿಂದೆ ಬೀಳುತ್ತಾರೆ ಅಂತಲೂ ಹೇಳಿದರು. ನಷ್ಟ ಎಷ್ಟು ಅನ್ನೋ ಬಗ್ಗೆ ಆಮೇಲಿನ ವಿದ್ವಾಂಸರು ತಕರಾರು ತೆಗೆದಿದ್ದಾರೆ. ಇರಲಿ. ಪುಸ್ತಕ ಇರೋ ಮನೆಗೂ ಇಲ್ಲದ ಮನೆಗೂ ಇರೋ ಅಂತರ ತಿಳಿಯೋದಕ್ಕೆ ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ.

ನಮ್ಮಲ್ಲಿ ಎರಡು ಥರದ ಮನೆ ನೋಡ್ತೀನಿ. ಒಂದರಲ್ಲಿ ರಜೆ ಸಿಕ್ಕ ಮರುದಿನವೇ ಸಮ್ಮರ್ ಕ್ಯಾಂಪು, ಅಬ್ಯಾಕಸ್ಸು, ಹ್ಯಾಂಡ್‌ರೈಟಿಂಗ್ ಕ್ಲಾಸು. ಮಗುವಿಗೆ ಉಸಿರು ಬಿಡೋದಕ್ಕೂ ಟೈಮ್ ಇಲ್ಲ. ಇನ್ನೊಂದರಲ್ಲಿ ‘ಸಾಲಿ ತೆರದ ಮ್ಯಾಲೆ ನೋಡೂಣು ತಗೋ’ ಅನ್ನೋ ಮಾತು, ಅಳುವ ಮಗುವಿನ ಕೈಗೊಂದು ಮೊಬೈಲು. ಮೊದಲನೆಯದಕ್ಕೆ ದುಡ್ಡು ಬೇಕು. ಎರಡನೆಯದು ಪುಕ್ಕಟೆ ಅನ್ನಿಸುತ್ತೆ, ಆದರೆ ಜೂನ್‌ನಲ್ಲಿ ಅದರ ಬಾಕಿ ತೀರಿಸೋದು ಮಗು. ಇವೆರಡರ ನಡುವೆ ಒಂದು ದಾರಿ ಇದೆ. ದಿನಕ್ಕೆ ಅರ್ಧ ತಾಸು ಸಾಕು. ಬಿಸಿಲೇರೋ ಮೊದಲು ಕಾಲು ತಾಸು, ರಾತ್ರಿ ಉಂಡ ಮೇಲೆ ಕಾಲು ತಾಸು.

ಇಷ್ಟು ಹೇಳಿದ ಕೂಡಲೇ ಈ ಭಾಗದ ತಾಯಂದಿರಿಂದ ಬರೋ ಪ್ರಶ್ನೆ ನನಗೆ ಗೊತ್ತು. ‘ನಮಗ ಓದಾಕ ಬರಂಗಿಲ್ರೀ ಸರ, ನಾವೇನ್ ಕಲಸೂಣು?’ ಈ ಪ್ರಶ್ನೆಗೆ ಉತ್ತರ ಕೊಡದೆ ಉಳಿದದ್ದೆಲ್ಲ ಹೇಳಿದರೆ ವ್ಯರ್ಥ.

ಅವ್ವಾ, ಕಲಿಸೋದು ನಿಮ್ಮ ಕೆಲಸ ಅಲ್ಲ, ಅದನ್ನ ಅಕ್ಕೋರು, ಸರ್‌ಗಳು ಮಾಡಿದ್ದಾರೆ. ನಿಮ್ಮ ಕೆಲಸ ಕೇಳೋದು. ರೊಟ್ಟಿ ಬಡಿಯುತ್ತಾ ‘ಓದ ನೋಡೂಣು, ಏನೈತಿ ಅದರಾಗ?’ ಅಂತ ಕೇಳಿ. ಹೋದ ವರ್ಷದ ಕನ್ನಡ ಪುಸ್ತಕ ರದ್ದಿಗೆ ಹಾಕಬೇಡಿ, ಅದರದ್ದೇ ಒಂದು ಪಾಠ ಓದಿಸಿ. ಗೊತ್ತಿರೋ ಪಾಠ ಆದ್ದರಿಂದ ಮಗು ಧೈರ್ಯವಾಗಿ ಓದುತ್ತೆ. ಓದಿದ ಮೇಲೆ ‘ಮುಂದ ಏನಾತು? ಅಂವಾ ಯಾಕ ಹಂಗ ಮಾಡ್ದ?’ ಅಂತ ಎರಡು ಪ್ರಶ್ನೆ ಕೇಳಿ. ಓದಿದ್ದನ್ನು ನೆನಪಿಂದ ತೆಗೆದು ತನ್ನ ಮಾತಲ್ಲಿ ಹೇಳೋದೇ ದೊಡ್ಡ ಅಭ್ಯಾಸ. ಅದಕ್ಕೆ ಕೇಳೋ ಕಿವಿ ಬೇಕು, ಅಕ್ಷರ ಬಲ್ಲ ಕಣ್ಣೇ ಬೇಕು ಅಂತಿಲ್ಲ. ಮಗು ಎಲ್ಲಿ ನಿಂತಿತು, ಎಲ್ಲಿ ಗುನುಗಿ ಹಾರಿಸಿತು ಅನ್ನೋದು ಓದು ಬಾರದ ತಾಯಿಗೂ ಗೊತ್ತಾಗುತ್ತೆ.

ಪುಸ್ತಕ ಇಲ್ಲವಾ? ಬೇಸಿಗೆ ಅಂದರೆ ಲಗ್ನದ ಸೀಸನ್ನು. ಗದಗ ಮೊದಲಿಂದ ಮುದ್ರಣಕ್ಕೆ ಹೆಸರಾದ ಊರು, ಮನೆಗೆ ಹತ್ತು ಲಗ್ನಪತ್ರಿಕೆ ಬಂದಿರುತ್ತೆ. ವರ ಯಾರು, ವಧು ಯಾರು, ಅಕ್ಷತೆ ಎಷ್ಟು ಗಂಟೆಗೆ, ಕಲ್ಯಾಣ ಮಂಟಪ ಎಲ್ಲಿ ಅಂತ ಮಗುವಿನ ಕೈಲೇ ಓದಿಸಿ. ನಿಜವಾಗಿ ಬೇಕಾದ ಸುದ್ದಿ ಅದರಲ್ಲಿದೆ, ಮಗು ಹೆಮ್ಮೆಯಿಂದ ಓದುತ್ತೆ.

ಲೆಕ್ಕಕ್ಕೆ ಸಂತೆ ಇದೆ. ಉಳ್ಳಾಗಡ್ಡಿ ಕಿಲೋಕ್ಕೆ 30 ರೂಪಾಯಿ, ಅರ್ಧ ಕಿಲೋ ಕೊಂಡು 50ರ ನೋಟು ಕೊಟ್ಟೆವು, ವಾಪಸ್ ಎಷ್ಟು ಬರಬೇಕು? ಮೂರನೇ ಕ್ಲಾಸಿನ ಮಗು ಹೇಳಲಿ, ಅಂಗಡಿಯವನಿಂದ ಚಿಲ್ಲರೆ ಎಣಿಸಿಕೊಳ್ಳಲಿ. ಸಣ್ಣವನಿಗೆ ಶೇಂಗಾ ಸಾಕು. ಹತ್ತರ ಗುಂಪು ಮಾಡು, ಎಷ್ಟು ಗುಂಪಾಯ್ತು, ಎಷ್ಟು ಉಳೀತು? ಹತ್ತು, ಬಿಡಿ ಅಂತ ಶಾಲೆಯಲ್ಲಿ ಹೇಳಿಕೊಡೋದು ಇದನ್ನೇ. ಮನೆಯ ಮೂಲೆಯಲ್ಲಿರೋ ಗುಳಿಮಣೆ ತೆಗೆಯಿರಿ. ಒಂದೊಂದು ಕಾಳು ಹಂಚುತ್ತಾ ಮುಂದಿನ ಆಟ ಲೆಕ್ಕ ಹಾಕೋ ಮಗು ಗಣಿತವನ್ನೇ ಮಾಡ್ತಿರುತ್ತೆ, ಅದಕ್ಕೆ ಗೊತ್ತಿರಲ್ಲ ಅಷ್ಟೇ.

ಇನ್ನು ಮಾತಿನ ವಿಚಾರ. ಮಗು ‘ಐತಿ’, ‘ಹೋಗ್ಯಾನ’ ಅಂದರೆ ‘ಛೀ, ಇದೆ ಅನ್ನು, ಹೋಗಿದ್ದಾನೆ ಅನ್ನು’ ಅಂತ ಗದರಿಸೋ ಮನೆಗಳಿವೆ. ದಯವಿಟ್ಟು ಬೇಡ. ಲಕ್ಷ್ಮೇಶ್ವರದ ಹಳೆ ಹೆಸರು ಪುಲಿಗೆರೆ. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಯಾವ ಸೀಮೆಯಲ್ಲಿದೆ ಅಂತ ಹೇಳುವಾಗ ಹೆಸರಿಸೋ ನಾಲ್ಕು ಊರುಗಳಲ್ಲಿ ಈ ಪುಲಿಗೆರೆಯೂ ಒಂದು. ಇಂಥ ನೆಲದ ಮಗು ತನ್ನ ಮಾತಿಗೆ ನಾಚಬೇಕಾ? ಅಜ್ಜಿ ತನ್ನ ಮಾತಲ್ಲೇ ಕಥೆ ಹೇಳಲಿ. ತಾಂಡಾದ ಮನೆಯಲ್ಲಿ ಲಂಬಾಣಿಯಲ್ಲಿ ಹೇಳಲಿ, ಉರ್ದು ಮನೆಯಲ್ಲಿ ಉರ್ದುವಿನಲ್ಲಿ ಹೇಳಲಿ. ಮನೆಮಾತಿನಲ್ಲಿ ಕಥೆ ಹಿಡಿದಿಡೋದು ಕಲಿತ ಮಗು ಪುಸ್ತಕದ ಕಥೆಯನ್ನೂ ಹಿಡಿದಿಡುತ್ತೆ. ಪುಸ್ತಕದ ಕನ್ನಡವನ್ನು ಶಾಲೆ ಕಲಿಸುತ್ತೆ.

ಊರೂ ಒಂದು ಪಾಠವೇ. ಬೆಟಗೇರಿಯ ಮಗ್ಗದ ಮನೆಯಲ್ಲಿ ಹಾಸು ಯಾವುದು, ಹೊಕ್ಕು ಯಾವುದು, ಅಂಚಿನಲ್ಲಿ ಯಾವ ಬಣ್ಣದ ನಂತರ ಯಾವ ಬಣ್ಣ ಬರುತ್ತೆ ಅಂತ ಕೇಳಿ. ಕ್ರಮ ಗುರುತಿಸೋದು ಗಣಿತದ ಬೇರು. ಮುಂಡರಗಿ ಕಡೆಯವರು ಸಂಬಂಧಿಕರ ಊರಿಗೆ ಹೋಗುವಾಗ ಡಂಬಳದಲ್ಲಿ ಇಳಿಯಿರಿ. ದೊಡ್ಡಬಸಪ್ಪನ ಗುಡಿಯ ಗರ್ಭಗೃಹ ಹೊರಗಿನಿಂದ 24 ಮೂಲೆಗಳ ನಕ್ಷತ್ರದ ಆಕಾರದಲ್ಲಿದೆ. ಮಗು ಸುತ್ತು ಹಾಕುತ್ತಾ ಮೂಲೆ ಎಣಿಸಲಿ. ತಪ್ಪಿದರೆ ಇನ್ನೊಂದು ಸುತ್ತು. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಈಗ ಕೆರೆಯಲ್ಲಿ ಅವು ಇಲ್ಲ. ಎಲ್ಲಿ ಹೋದವು, ಯಾಕೆ ಹೋದವು ಅಂತ ಕೇಳಿ ಸುಮ್ಮನಾಗಿ. ಉತ್ತರ ಹುಡುಕೋ ಕೆಲಸ ಮಗುವಿಗೆ ಬಿಡಿ.

ಹುಡುಕೋದು ಎಲ್ಲಿ? ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ. ರಾಜ್ಯದಲ್ಲಿ ಇಂಥವು ಐದೂವರೆ ಸಾವಿರಕ್ಕೂ ಹೆಚ್ಚಿವೆ. 2020ರ ನವೆಂಬರ್ 14ರಂದು ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಶಾಲೆಗೆ ಬೀಗ ಬಿದ್ದಾಗ ಊರಲ್ಲಿ ಮಕ್ಕಳಿಗೆ ಅಂತ ಉಳಿಯೋ ಪುಸ್ತಕದ ಮನೆ ಇದೊಂದೇ. ಬಾಗಿಲು ತೆಗೆದಿಲ್ಲ ಅಂದರೆ ಪಿಡಿಒ ಅವರನ್ನ ಕೇಳಿ, ಮೆಂಬರ್‌ನ ಕೇಳಿ. ರಸ್ತೆ, ನೀರು ಕೇಳ್ತೀವಿ, ಇದನ್ನೂ ಕೇಳೋಣ.

ಇನ್ನು ನನಗೆ ಅತಿ ಕಷ್ಟ ಅನ್ನಿಸೋ ಮಾತು. ಈ ತಾಲೂಕುಗಳ ಒಣ ಹೊಲದ ಹಳ್ಳಿಗಳಿಂದ, ತಾಂಡಾಗಳಿಂದ ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೋಗ್ತಾರೆ. ಗೋವಾ, ಮಂಗಳೂರು, ಬೆಂಗಳೂರಿನ ಕಟ್ಟಡಗಳ ಕೆಳಗೆ ಅವರ ಮಕ್ಕಳ ಬೇಸಿಗೆ ಕಳೆಯುತ್ತೆ. ಎಂಟು ವರ್ಷದ ಹುಡುಗಿ ಕಂಕುಳಲ್ಲಿ ತಮ್ಮನನ್ನ ಹೊತ್ತು ನಿಂತಿರ್ತಾಳೆ. ಆಕೆಗೆ ಅರ್ಧ ತಾಸು ಓದು ಅಂತ ನಾನು ಸ್ಟುಡಿಯೋದಲ್ಲಿ ಕೂತು ಹೇಳೋದು ಸುಲಭ. ಹಾಗಾಗಿ ಹೊರಡೋ ತಂದೆ-ತಾಯಿಗೆ ಒಂದೇ ಕೋರಿಕೆ: ಗಂಟಿನಲ್ಲಿ ಒಂದು ಪಠ್ಯಪುಸ್ತಕ, ಒಂದು ಪಾಟಿ ಇರಲಿ, ಶಾಲೆ ಶುರುವಾಗೋ ಹೊತ್ತಿಗೆ ಮಗು ಊರಲ್ಲಿರಲಿ. ಉಳಿದ ಹೊಣೆ ನಮ್ಮದು, ಸರ್ಕಾರದ್ದು. 2024ರ ಬರದಲ್ಲಿ ಬರಪೀಡಿತ ತಾಲೂಕುಗಳ ಮಕ್ಕಳಿಗೆ ರಜೆಯಲ್ಲೂ ಬಿಸಿಯೂಟದ ವ್ಯವಸ್ಥೆ ಆಗಿತ್ತು. ಊಟಕ್ಕೆ ಶಾಲೆ ಬಾಗಿಲು ತೆರೆಯಬಹುದಾದರೆ, ಊಟ ಆದ ಮೇಲೆ ಅರ್ಧ ತಾಸು ಓದಿಗೂ ತೆರೆಯಬಹುದು. ಊರಲ್ಲಿ ಪಿಯುಸಿ, ಡಿಗ್ರಿ ಓದಿ ರಜೆಗೆ ಬಂದ ಹುಡುಗ-ಹುಡುಗಿಯರು ಇದ್ದಾರಲ್ಲ, ಐದು ಮಕ್ಕಳನ್ನ ಗುಡಿ ಕಟ್ಟೆ ಮೇಲೆ ಕೂರಿಸಿಕೊಂಡರೆ ಸಾಕು. 2020ರಲ್ಲಿ ‘ವಿದ್ಯಾಗಮ’ದ ಹೆಸರಲ್ಲಿ ನಮ್ಮ ಶಿಕ್ಷಕರು ಗುಡಿ, ಮರದ ನೆರಳಲ್ಲೇ ಪಾಠ ಮಾಡಿದ್ದನ್ನ ನಾವು ನೋಡಿದ್ದೀವಿ.

ಮೊಬೈಲ್ ಬಗ್ಗೆ ಒಂದೇ ಮಾತು. ಅದನ್ನ ಕಿತ್ತುಕೊಂಡು ಗಲಾಟೆ ಮಾಡಬೇಡಿ, ಅದರ ಜಾಗಕ್ಕೆ ಬೇರೇನಾದರೂ ಕೊಡಿ. ಬರೀ ನೋಡುತ್ತಾ ಕೂತ ಮಗುವಿಗೆ ಯಾರೂ ಉತ್ತರ ಕೇಳೋದಿಲ್ಲ, ತೊಂದರೆ ಇರೋದು ಅಲ್ಲೇ. ದುಡಿಯೋಕೆ ಹೋದ ಅಪ್ಪನಿಗೆ ಫೋನ್ ಮಾಡಿ ಇವತ್ತು ಓದಿದ ಕಥೆ ಹೇಳು ಅನ್ನಿ. ಅದೇ ಮೊಬೈಲು ಕೆಲಸಕ್ಕೆ ಬಂತು.

ಇವತ್ತು ರಾತ್ರಿ ಗೋಡೆ ಮೇಲಿನ ಕ್ಯಾಲೆಂಡರ್ ಮುಂದೆ ಮಗುವನ್ನ ನಿಲ್ಲಿಸಿ. ಮೇ 28ರವರೆಗೆ ಎಷ್ಟು ದಿನ ಉಳಿದಿದೆ ಅಂತ ಅದರ ಕೈಲೇ ಎಣಿಸಿ. ಓದಿದ ದಿನಕ್ಕೆ ಒಂದು ಗೀಟು, ಓದದ ದಿನ ಖಾಲಿ. ಹಬ್ಬಕ್ಕೆ, ಜಾತ್ರೆಗೆ, ಅಜ್ಜಿ ಊರಿಗೆ ಹೋದಾಗ ನಾಲ್ಕು ದಿನ ತಪ್ಪಿದರೆ ಬೈಯಬೇಡಿ. 48ರಲ್ಲಿ 30 ಗೀಟು ಬಿದ್ದರೂ, ಸೇತುಬಂಧದ ದಿನ ನಿಮ್ಮ ಮಗು ಅಕ್ಕೋರು ಕೇಳಿದ ಕೂಡಲೇ ಕೈ ಎತ್ತುತ್ತೆ.